ಕಣ್ಣಿನ ದುರ್ಮಾಂಸ: ಬಿಡುವುದು ಯಾವಾಗ, ತೆಗೆಸುವುದು ಯಾವಾಗ

ಕಣ್ಣಿನ ಬಿಳಿಭಾಗದಲ್ಲಿ, ಮೂಗಿನ ಕಡೆ, ಹಳದಿ ಗಂಟೋ ಕೆಂಪನೆಯ ಮಾಂಸದ ಎಳೆಯೋ ಕಂಡರೆ ‘ಪೊರೆ ಬಂತು’ ಎನ್ನುವವರೇ ಹೆಚ್ಚು. ಪೊರೆ ಬರುವುದು ಕಣ್ಣೊಳಗಿನ ಮಸೂರಕ್ಕೆ. ಇದು ಬೆಳೆಯುವುದು ಬಿಳಿಗುಡ್ಡೆಯ ಮೇಲೆ ಹಾಸಿರುವ ತೆಳುಪದರ ಕಂಜಂಕ್ಟೈವಾದಲ್ಲಿ. ಇಂಥವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ, ಕತ್ತರಿಸಿ ತೆಗೆಯುವ ಅಗತ್ಯವೂ ಬೀಳುವುದಿಲ್ಲ.

ಮೊದಲು ಯಾವುದೆಂದು ಗುರುತಿಸಿ

ಬಿಳಿಭಾಗ ಮುಗಿದು ಕಪ್ಪುಗುಡ್ಡೆ ಶುರುವಾಗುವ ಗೆರೆಯನ್ನು ನೋಡಿ. ಗಂಟು ಗೆರೆಯ ಈಚೆಗೇ ನಿಂತು, ಹಳದಿ ಮಿಶ್ರಿತ ಬಿಳಿ ಬಣ್ಣದಲ್ಲಿ ತುಸು ಉಬ್ಬಿದ್ದರೆ ಅದು ಬಹುಪಾಲು ಪಿಂಗೆಕ್ಯುಲಾ. ಬಿಸಿಲಿಗೆ ಹಾಳಾದ ಕಾಲಜನ್ ನಾರುಗಳು ಅಲ್ಲಿ ಗುಡ್ಡೆಯಾಗಿರುತ್ತವೆ, ಅಷ್ಟೇ. ರಕ್ತನಾಳಗಳಿರುವ ತ್ರಿಕೋನಾಕಾರದ ಮಾಂಸ ಗೆರೆ ದಾಟಿ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ ಹತ್ತಿದ್ದರೆ ಅದು ಟೆರಿಜಿಯಂ. ಜನ ದುರ್ಮಾಂಸ ಎನ್ನುವುದು ಇದನ್ನೇ. ‘ಪುಟ್ಟ ರೆಕ್ಕೆ’ ಎಂಬ ಗ್ರೀಕ್ ಪದದಿಂದ ಬಂದ ಹೆಸರಿದು. ಆಕಾರ ನೋಡಿದರೆ ಹೆಸರಿಟ್ಟವರ ಕಣ್ಣು ಚುರುಕು ಎನ್ನಬೇಕು.

ಎರಡಕ್ಕೂ ಮುಖ್ಯ ಕಾರಣ ಬಿಸಿಲಿನ ನೇರಳಾತೀತ ಕಿರಣ. ದೂಳು, ಒಣಗಾಳಿ ಅದಕ್ಕೆ ಜೊತೆಗೂಡುತ್ತವೆ. ಮೂಗಿನ ಕಡೆಗೇ ಏಕೆ ಎಂಬುದಕ್ಕೂ ಒಂದು ವಿವರಣೆಯಿದೆ: ಕಿವಿಯ ಕಡೆಯಿಂದ ಓರೆಯಾಗಿ ಬಿದ್ದ ಬೆಳಕನ್ನು ಉಬ್ಬಿದ ಕಾರ್ನಿಯಾ ಭೂತಗನ್ನಡಿಯಂತೆ ಬಗ್ಗಿಸಿ, ಮೂಗಿನ ಕಡೆಯ ಗೆರೆಯ ಮೇಲೆ ಕೂಡಿಸುತ್ತದೆ. ಆ ಗೆರೆಯಲ್ಲಿರುವ ಕಾಂಡಕೋಶಗಳು ಕಂಜಂಕ್ಟೈವಾ ಕಾರ್ನಿಯಾದ ಮೇಲೆ ಬರದಂತೆ ಬೇಲಿಯಂತೆ ತಡೆಯುತ್ತವೆ. ಬೇಲಿ ಸುಟ್ಟರೆ ಮಾಂಸ ಒಳಕ್ಕೆ ನುಗ್ಗುತ್ತದೆ.

ಒಮ್ಮೆಯಾದರೂ ವೈದ್ಯರಿಗೆ ತೋರಿಸಿ

ನೋವಿಲ್ಲದಿದ್ದರೂ ಮೊದಲ ಸಲ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಅಂದರೆ ಸಣ್ಣ ಬೆಳಕಿನ ಪಟ್ಟಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಕಣ್ಣು ನೋಡುವ ಪರೀಕ್ಷೆ, ಆಗಲೇಬೇಕು. ಏಕೆಂದರೆ ಮೇಲ್ಮೈಯ ಕ್ಯಾನ್ಸರ್ ಕೂಡ ಆರಂಭದಲ್ಲಿ ಹೀಗೇ ಕಾಣಬಹುದು. ಕೆಲವೇ ತಿಂಗಳಲ್ಲಿ ಬೇಗ ಬೆಳೆದದ್ದು, ಲೋಳೆಯಂತೆ ಅಥವಾ ಬಿಳಿ ಹೊಪ್ಪಳೆಯಂತೆ ಕಾಣುವುದು, ಸುರುಳಿಸುರುಳಿ ರಕ್ತನಾಳಗಳಿರುವುದು, ಕಪ್ಪು ಬಣ್ಣ ಹರಡುತ್ತಿರುವುದು, ಮುಟ್ಟಿದರೆ ರಕ್ತ ಬರುವುದು: ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಹಿಂದೆ ಸುಣ್ಣವೋ ರಾಸಾಯನಿಕವೋ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಹೇಳಿ. ಸುಟ್ಟ ಗಾಯಕ್ಕೆ ಕಂಜಂಕ್ಟೈವಾ ಅಂಟಿಕೊಂಡು ಟೆರಿಜಿಯಂನಂತೆಯೇ ಕಾಣುವುದುಂಟು.

ಕಾರ್ನಿಯಾದ ಅಡ್ಡಗಲ ಸುಮಾರು 12 ಮಿ.ಮೀ. ದುರ್ಮಾಂಸ ಎಷ್ಟು ಮಿಲಿಮೀಟರ್ ಒಳಗೆ ಬಂದಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ನೇರ ನೋಡುತ್ತಾ ಫೋಟೊ ತೆಗೆದಿಟ್ಟರೆ ಬೆಳೆದಿದೆಯೋ ಇಲ್ಲವೋ ಎಂಬ ಗುಮಾನಿ ಉಳಿಯುವುದಿಲ್ಲ.

ಹನಿಯೌಷಧ ಮತ್ತು ಬಿಸಿಲ ಕನ್ನಡಕ

ಉರಿ, ಮರಳು ಬಿದ್ದಂಥ ಚುಚ್ಚುವಿಕೆ ಇದ್ದರೆ ಕೃತಕ ಕಣ್ಣೀರಿನ ಹನಿ ದಿನಕ್ಕೆ ನಾಲ್ಕು ಸಲ ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಎರಡನೆಯ ಹನಿಯಿಂದ ಲಾಭವಿಲ್ಲ, ಅದು ಕೆನ್ನೆಗೆ ಇಳಿಯುತ್ತದೆ. ಇನ್ನೊಂದು ಔಷಧವಿದ್ದರೆ ನಡುವೆ ಐದು ನಿಮಿಷ ಬಿಡಿ.

ಹನಿಯಿಂದ ಮಾಂಸ ಕರಗುವುದಿಲ್ಲ, ತೊಂದರೆ ಮಾತ್ರ ಕಡಿಮೆಯಾಗುತ್ತದೆ. ಕರಗಿಸುತ್ತೇವೆಂದು ಯಾರಾದರೂ ಎಂದರೆ ನಂಬಬೇಡಿ. ಕೆಂಪು ಇಳಿಸುವ ಹನಿಗಳನ್ನು ದಿನವೂ ಹಾಕಿದರೆ ಅವು ಬಿಟ್ಟಾಗ ಕಣ್ಣು ಮೊದಲಿಗಿಂತ ಕೆಂಪಾಗುತ್ತದೆ. ಉರಿಯೂತ ಜೋರಾದಾಗ ವೈದ್ಯರು ಕೆಲವು ದಿನಕ್ಕೆ ಸೌಮ್ಯ ಸ್ಟಿರಾಯ್ಡ್ ಹನಿ ಕೊಡುತ್ತಾರೆ. ಹಳೆಯ ಚೀಟಿ ತೋರಿಸಿ ಅದನ್ನೇ ತಿಂಗಳುಗಟ್ಟಲೆ ಹಾಕಿಕೊಳ್ಳುವುದು ಅಪಾಯ: ಕಣ್ಣಿನ ಒತ್ತಡ ಏರಿ, ದೃಷ್ಟಿನರ ಹಾಳಾಗುವ ಗ್ಲಾಕೋಮಾ ಬರಬಹುದು, ಆಗ ನಿಜವಾದ ಪೊರೆಯೂ ಬರಬಹುದು.

ಬಿಸಿಲಿಗೆ ‘ಯುವಿ 400’ (ನೇರಳಾತೀತ ಕಿರಣ ತಡೆಯುತ್ತದೆ ಎಂಬ ಗುರುತು) ಎಂದು ನಮೂದಿಸಿದ, ಪಕ್ಕದಿಂದಲೂ ಮುಚ್ಚುವ ಕನ್ನಡಕ, ಜೊತೆಗೆ ಅಗಲ ಅಂಚಿನ ಟೋಪಿ. ಗಾಜು ಕಪ್ಪಾಗಿದ್ದರೆ ರಕ್ಷಣೆಯಿದೆ ಎಂದೇನಲ್ಲ. ತಡೆಯಿಲ್ಲದ ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗಿ, ಕಿರಣಗಳಿಗೆ ಬಾಗಿಲು ಇನ್ನಷ್ಟು ತೆರೆಯುತ್ತದೆ.

ಶಸ್ತ್ರಚಿಕಿತ್ಸೆ ಯಾವಾಗ, ಹೇಗೆ

ಪಿಂಗೆಕ್ಯುಲಾಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದು ಬಹಳ ಅಪರೂಪ. ಟೆರಿಜಿಯಂ ಪಾಪೆಯತ್ತ ಸಾಗುತ್ತಿದ್ದರೆ, ಕಾರ್ನಿಯಾವನ್ನು ಎಳೆದು ಅಸ್ಟಿಗ್ಮ್ಯಾಟಿಸಂ (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮನಾಗಿರದ ದೋಷ) ತಂದು ನೋಟ ಕಲಸಿದ್ದರೆ, ಪದೇ ಪದೇ ಊದುತ್ತಿದ್ದರೆ, ಕಣ್ಣು ಹೊರಳಿಸಲು ಅಡ್ಡಿಯಾದರೆ ತೆಗೆಸಬೇಕು. ಪೊರೆ ಶಸ್ತ್ರಚಿಕಿತ್ಸೆಯೂ ಆಗಬೇಕಿದ್ದು ದುರ್ಮಾಂಸ ದೊಡ್ಡದಿದ್ದರೆ ಸಾಮಾನ್ಯವಾಗಿ ಮೊದಲು ಇದನ್ನು ತೆಗೆದು ಕಾಯುತ್ತಾರೆ. ಇಲ್ಲವಾದರೆ ಅಳವಡಿಸುವ ಮಸೂರದ ಪವರ್ ಲೆಕ್ಕ ತಪ್ಪುತ್ತದೆ.

ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ತೆಗೆದ ಜಾಗಕ್ಕೆ ಕಸಿ ಹಾಕುತ್ತೀರಾ?’ ಮಾಂಸ ಕೆರೆದು ಜಾಗವನ್ನು ಬರಿದೇ ಬಿಟ್ಟರೆ ಅದು ಮತ್ತೆ ಬೆಳೆಯುವ ಸಾಧ್ಯತೆ ತುಂಬ ಹೆಚ್ಚು. ಎರಡನೆಯ ಸಲ ಬಂದದ್ದು ಸಾಮಾನ್ಯವಾಗಿ ಮೊದಲಿಗಿಂತ ದಪ್ಪ, ಹಟಮಾರಿ. ಮೇಲ್ರೆಪ್ಪೆಯ ಅಡಿಯಿಂದ ಅದೇ ಕಣ್ಣಿನ ಕಂಜಂಕ್ಟೈವಾ ತೆಗೆದು ಮುಚ್ಚಿದರೆ ಆ ಸಾಧ್ಯತೆ ಬಹಳಷ್ಟು ಇಳಿಯುತ್ತದೆ.

ಕಣ್ಣಿನ ಸುತ್ತ ಮಾತ್ರ ಅರಿವಳಿಕೆ ಕೊಟ್ಟು ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ಕಾರ್ನಿಯಾದಿಂದ ತಲೆಭಾಗ ಬಿಡಿಸಿ, ಅಡಿಯ ನಾರುಪದರವನ್ನೂ ತೆಗೆದು, ಗಾಯಕ್ಕಿಂತ ಅರ್ಧದಿಂದ ಒಂದು ಮಿ.ಮೀ. ದೊಡ್ಡ ಕಸಿಯನ್ನು ಹೊಲಿಗೆಯಿಂದಲೋ ಫೈಬ್ರಿನ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಅಂಟಿನಿಂದಲೋ ಕೂರಿಸುತ್ತಾರೆ. ಅಂಟಾದರೆ ಚುಚ್ಚುವುದು ಕಡಿಮೆ, ಸಮಯವೂ ಉಳಿಯುತ್ತದೆ. ಆದರೆ ಮೊದಲ ದಿನಗಳಲ್ಲಿ ಕಣ್ಣು ಉಜ್ಜಿದರೆ ಕಸಿ ಜಾರಿಬಿಡುತ್ತದೆ. ಗ್ಲಾಕೋಮಾ ಇದ್ದರೆ ಮೊದಲೇ ಹೇಳಿ. ಮುಂದೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾದರೆ ಮೇಲಿನ ಕಂಜಂಕ್ಟೈವಾ ಉಳಿದಿರಬೇಕು, ಹಾಗಾಗಿ ಕಸಿಯನ್ನು ಕೆಳಭಾಗದಿಂದ ತೆಗೆಯುತ್ತಾರೆ. ತೆಗೆದ ತುಂಡನ್ನು ಪೆಥಾಲಜಿ ಪರೀಕ್ಷೆಗೆ ಕಳಿಸಿ ಎನ್ನುವುದಕ್ಕೆ ಸಂಕೋಚ ಬೇಡ.

ಆಮೇಲೆ

ಎರಡು ಮೂರು ದಿನ ಚೆನ್ನಾಗಿಯೇ ನೋಯುತ್ತದೆ. ಕಸಿ ಕೆಂಪಗೆ ಊದಿಕೊಂಡು ನೋಡಲು ಭಯವಾಗುತ್ತದೆ, ಆದರೆ ಅದು ವಾರಗಳಲ್ಲಿ ಇಳಿಯುತ್ತದೆ. ಸ್ಟಿರಾಯ್ಡ್ ಹನಿಯನ್ನು ಆರೆಂಟು ವಾರ, ಹೇಳಿದಂತೆ ಇಳಿಸುತ್ತಾ ಹಾಕಬೇಕು. ಚೆನ್ನಾಗಿದೆ ಎಂದು ನಡುವೆ ನಿಲ್ಲಿಸಿದರೆ ಉರಿಯೂತ ಮರಳಿ, ಅದರ ಬೆನ್ನಿಗೆ ಮಾಂಸವೂ ಬರಬಹುದು. ಕನಿಷ್ಠ ಎರಡು ವಾರ ಈಜು, ದೂಳಿನ ಕೆಲಸ ಬೇಡ. ನೋವು ಕಡಿಮೆಯಾಗಿ ಮತ್ತೆ ಏರಿದರೆ, ಕೀವು ಬಂದರೆ, ನೋಟ ಮಂಕಾದರೆ ಅದೇ ದಿನ ವೈದ್ಯರ ಬಳಿ ಹೋಗಿ. ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಬರುತ್ತದೆ. ಆ ವರ್ಷ ಪೂರ್ತಿ ಮೂರು ತಿಂಗಳ ಫೋಟೊ ತಪ್ಪಿಸಬೇಡಿ.