ಮಳೆ ಹಿಡಿಯುವ ಮೊದಲೇ ಟೈರ್ ನೋಡಿಕೊಳ್ಳಿ. ಹೊಸ ಜೋಡಿ ಹಿಂದಕ್ಕಿರಲಿ

ಎರಡು ವರ್ಷದ ಹಿಂದೆ, ಆರಿದ್ರ ಮಳೆ ಹಿಡಿದಿದ್ದ ಹೊತ್ತಿನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆ. ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಇದ್ದಕ್ಕಿದ್ದಂತೆ ಹೊರಕ್ಕೆ ಜಾರಿತು. ವೇಗ ಐವತ್ತೂ ಇರಲಿಲ್ಲ. ಎದುರಿಗೆ ಬಸ್ ಬರಲಿಲ್ಲ, ಉಳಿದುಕೊಂಡೆವು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಹದಿನೈದು ದಿನದ ಹಿಂದಷ್ಟೇ ಎರಡು ಹೊಸ ಟೈರ್ ಹಾಕಿಸಿದ್ದೆ. ‘ಎಂಜಿನ್ ಎಳೆಯೋದು ಮುಂದಿನ ಚಕ್ರನೇ ಅಲ್ವಾ ಸಾರ್, ಹೊಸದು ಮುಂದೇ ಇರಲಿ’ ಎಂದು ಅಂಗಡಿಯಲ್ಲಿ ಹೇಳಿದ್ದರು. ಸರಿ ಎನಿಸಿತ್ತು, ಒಪ್ಪಿದ್ದೆ. ಮಲೆನಾಡಿನಲ್ಲಿ ಎಷ್ಟೋ ಕಾರುಗಳು ಇವತ್ತಿಗೂ ಹೀಗೇ ಓಡುತ್ತಿವೆ. ಅದಕ್ಕೇ ಈ ಲೇಖನ.

ಮೊದಲು ಬಟನ್ ನೋಡಿ

ಟೈರ್ ರಸ್ತೆಗೆ ತಾಗುವ ಕಡೆ ಎದ್ದು ಕಾಣುವ ರಬ್ಬರ್ ಅಚ್ಚಿಗೇ ಬಟನ್ ಎನ್ನುವುದು. ಅದರ ನಡುವಿನ ಉದ್ದ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ. ಅದರ ಎತ್ತರ 1.6 ಮಿ.ಮೀ. ಬಟನ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೂ ಟೈರ್ ಮುಗಿದಂತೆ. ಆದರೆ ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯಬಾರದು. ರಸ್ತೆ ಮೇಲಿನ ನೀರನ್ನು ಆಚೆ ತಳ್ಳುವುದೇ ಆ ಕಾಲುವೆಗಳ ಕೆಲಸ. ಆಳ ಕಡಿಮೆಯಾದರೆ ಟೈರ್ ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಒತ್ತಿದರೂ ಹಿಡಿಯುವುದಿಲ್ಲ. ಮೃಗಶಿರ ಮಳೆಗೆ ಮೊದಲೇ ಅಳೆಯಿರಿ. 3 ಮಿ.ಮೀ. ಹತ್ತಿರ ಬಂದಿದ್ದರೆ ಬದಲಿಸಿಬಿಡಿ.

ವಯಸ್ಸನ್ನೂ ನೋಡಿ. ಟೈರ್ ಪಕ್ಕದಲ್ಲಿ ‘ಡಾಟ್’ (DOT) ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತೋರಿಸಿ. ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರ ಕಿತ್ತಿದೆ ಎಂದರ್ಥ. ಅದನ್ನು ಅವತ್ತೇ ತೆಗೆಸಿ.

ಸೈಜ್ ಓದುವುದು

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕಂಪನಿ ಹೇಳಿದ ಸೈಜು, ಗಾಳಿಯ ಒತ್ತಡ ಎರಡೂ ಅಲ್ಲೇ ಇರುತ್ತವೆ. ಈಗ ಇರುವ ಟೈರ್ ನೋಡಿ ಅದೇ ಸರಿ ಅಂದುಕೊಳ್ಳಬೇಡಿ, ಹಿಂದಿನ ಮಾಲೀಕರು ಬೇರೆ ಹಾಕಿಸಿರಬಹುದು.

185/65 ಆರ್15 88ಎಚ್ ಎಂಬುದನ್ನೇ ತೆಗೆದುಕೊಳ್ಳಿ. 185 ಎಂದರೆ ಮಿಲಿಮೀಟರಿನಲ್ಲಿ ಅಗಲ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ಅಂದರೆ ಸುಮಾರು 120 ಮಿ.ಮೀ. ಆರ್ ಎಂದರೆ ರೇಡಿಯಲ್, ಅಂದರೆ ಒಳಗಿನ ದಾರಗಳ ಜೋಡಣೆಯ ಬಗೆ. 15 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. 88 ಭಾರದ ಸಂಕೇತ, ಒಂದು ಟೈರ್ 560 ಕೆ.ಜಿ. ಹೊರಬಲ್ಲದು ಎಂದರ್ಥ. ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗಿನ ವೇಗಕ್ಕೆ ತಯಾರಾದದ್ದು. ಅಷ್ಟು ವೇಗ ನಮಗೆ ಬೇಕಿಲ್ಲ ನಿಜ. ಆದರೆ ಭಾರದ ಅಂಕಿ ಮಾತ್ರ ಸ್ಟಿಕ್ಕರಿಗಿಂತ ಕಡಿಮೆ ಇರಲೇಬಾರದು. ಡಿಕ್ಕಿಯಲ್ಲಿ ಅಡಿಕೆ ಚೀಲ, ಸೀಟಿನಲ್ಲಿ ನಾಲ್ಕು ಜನ ಕೂರುವ ಊರು ನಮ್ಮದು.

ಬೇರೆ ಸೈಜ್ ಹಾಕಬಹುದೇ?

ಹಾಕಬಹುದು, ಆದರೆ ಲೆಕ್ಕ ಹಾಕಿ. ಗೋಡೆಯ ಎತ್ತರವನ್ನು ಎರಡರಿಂದ ಗುಣಿಸಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಎರಡನ್ನೂ ಕೂಡಿ. ಇದು ಚಕ್ರದ ಒಟ್ಟು ಎತ್ತರ. ಮೇಲಿನ ಟೈರಿಗೆ 621.5 ಮಿ.ಮೀ. ಬರುತ್ತದೆ. 195/60 ಆರ್15ಕ್ಕೆ 615. ವ್ಯತ್ಯಾಸ ಶೇ 1 ಅಷ್ಟೇ, ಪರವಾಗಿಲ್ಲ. 175/65 ಆರ್14 ಹಾಕಿದರೆ 583, ಅಂದರೆ ಶೇ 6 ಕಡಿಮೆ. ಆಗ ಮೀಟರ್ 80 ತೋರಿಸುವಾಗ ಕಾರು 75ರಲ್ಲಿ ಓಡುತ್ತಿರುತ್ತದೆ, ನೆಲದಿಂದ ಎತ್ತರವೂ ಸುಮಾರು 2 ಸೆಂ.ಮೀ. ತಗ್ಗುತ್ತದೆ. ಶೇ 3ರ ಒಳಗಿದ್ದರೆ ಮಾತ್ರ ಯೋಚಿಸಿ. ಅಗಲ ಬದಲಾದರೆ ನಿಮ್ಮ ರಿಮ್ಮಿಗೆ ಕೂರುತ್ತದೆಯೇ ಎಂದೂ ಕೇಳಿ.

ಅಗಲ ಟೈರ್ ಹಾಕಿದರೆ ಹಿಡಿತ ಜಾಸ್ತಿ ಅನ್ನುತ್ತಾರೆ. ಒಣ ರಸ್ತೆಯಲ್ಲಿ ಇರಬಹುದು. ನಿಂತ ನೀರಿನಲ್ಲಿ ಅಗಲ ಟೈರ್ ಬೇಗ ತೇಲುತ್ತದೆ. ದೊಡ್ಡ ಅಲಾಯ್ ವೀಲಿನ ಆಸೆಗೆ 195/55 ಆರ್16 ಹಾಕಿದರೆ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಗೋಡೆ ಮಾತ್ರ 107 ಮಿ.ಮೀ.ಗೆ ಇಳಿಯುತ್ತದೆ. ತೋಟದ ದಾರಿಯ ಜಂಬಿಟ್ಟಿಗೆ ಕಲ್ಲು, ಮಳೆಗಾಲದ ಗುಂಡಿಗಳಿಗೆ ರಿಮ್ ಬೆಂಡಾಗುವುದು ಹೀಗೆ. ನನ್ನ ಮಾತು ಕೇಳುವುದಾದರೆ ಹಳೇ ಸೈಜಿನಲ್ಲೇ ಇರಿ.

ಬೆರೆಸುವಾಗ

ಮುಂದಿನ ಎರಡು ಒಂದು ಜೋಡಿ, ಹಿಂದಿನ ಎರಡು ಒಂದು ಜೋಡಿ. ಜೋಡಿಯೊಳಗೆ ಸೈಜು, ಕಂಪನಿ, ಬಟನ್ ವಿನ್ಯಾಸ, ಸವೆತ ಎಲ್ಲವೂ ಒಂದೇ ಆಗಿರಬೇಕು. ಎಡಕ್ಕೊಂದು ಬಲಕ್ಕೊಂದು ಆದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಇನ್ನೂ ಜಾಸ್ತಿ. ಕಂಪನಿಯೇ ಮುಂದೆ ಹಿಂದೆ ಬೇರೆ ಸೈಜ್ ಕೊಟ್ಟಿರದಿದ್ದರೆ ನಾಲ್ಕೂ ಒಂದೇ ಸೈಜ್ ಇರಲಿ. ಫೋರ್ ವೀಲ್ ಡ್ರೈವ್ ಜೀಪಿಗಂತೂ ಸವೆತದ ವ್ಯತ್ಯಾಸವೂ ಜಾಸ್ತಿ ಇರಬಾರದು. ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಿದರೆ ಗೇರ್‌ಗಳ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ.

ಎರಡೇ ಟೈರ್‌ಗೆ ದುಡ್ಡಿದ್ದರೆ ಹೊಸ ಜೋಡಿ ಹಿಂದಕ್ಕೆ. ಎಂಜಿನ್ ಯಾವ ಚಕ್ರ ಎಳೆದರೂ ಇದೇ ಲೆಕ್ಕ. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟರೆ ವೇಗ ಇಳಿದು ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಗೊತ್ತಾಗುವಷ್ಟರಲ್ಲಿ ಕಾರು ತಿರುಗಿರುತ್ತದೆ. ಮಂಡಗದ್ದೆಯಲ್ಲಿ ನನಗೆ ಆದದ್ದು ಅದೇ. ಅಂಗಡಿಯವರು ಬೇಡ ಎಂದರೂ ಪಟ್ಟು ಹಿಡಿಯಿರಿ. ಮುಂದಕ್ಕೆ ಹೋಗುವ ಹಳೇ ಜೋಡಿಯಲ್ಲೂ ಸಾಕಷ್ಟು ಬಟನ್ ಇರಬೇಕು, ಇಲ್ಲದಿದ್ದರೆ ನಾಲ್ಕೂ ಬದಲಿಸುವುದೇ ಸರಿ.

ಅಂಗಡಿಯಲ್ಲಿ

ಫಿಟ್ ಮಾಡುವ ಮೊದಲೇ ಐಎಸ್‌ಐ ಗುರುತು, ತಯಾರಾದ ವಾರ ನೋಡಿ. ಬಾಣದ ಗುರುತಿದ್ದರೆ ಚಕ್ರ ಸುತ್ತುವ ದಿಕ್ಕಿಗೇ ಇರಬೇಕು. ವಾಲ್ವ್ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿ. ಸ್ಟೆಪ್ನಿಗೂ ಗಾಳಿ ಹಾಕಿಸಿ. ಅದು ಉಳಿದವಕ್ಕಿಂತ ಚಿಕ್ಕದಾಗಿದ್ದರೆ 80 ಕಿ.ಮೀ. ವೇಗ ದಾಟಬೇಡಿ, ಪಂಕ್ಚರ್ ಅಂಗಡಿ ಸಿಗುವವರೆಗೆ ಮಾತ್ರ ಬಳಸಿ.

ಹೊಸ ಟೈರಿನ ಮೈ ಶುರುವಿನಲ್ಲಿ ನುಣುಪಾಗಿರುತ್ತದೆ. ಮೊದಲ ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಆ ವಾರ ಆಗುಂಬೆ ಘಾಟಿಯೋ ಹುಲಿಕಲ್ ಘಾಟಿಯೋ ಇಳಿಯುವ ಕೆಲಸವಿದ್ದರೆ, ಸಾಧ್ಯವಾದರೆ ಆ ಪಯಣವನ್ನು ಮುಂದೂಡಿ.