ಚನ್ನಪಟ್ಟಣದ ಬೊಂಬೆ ಹೊರದೇಶಕ್ಕೆ: ಪೆಟ್ಟಿಗೆ ಆರಿಸುವುದರಲ್ಲೇ ಅರ್ಧ ಕೆಲಸ

ಬನಶಂಕರಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಗೋದಾಮು. ಅಲ್ಲಿಂದಲೇ ಚನ್ನಪಟ್ಟಣದ ಬೊಂಬೆಗಳನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ಕೊಳ್ಳುವವರು ಹೆಚ್ಚಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ನಮ್ಮವರು. ಬೊಂಬೆ ಎಷ್ಟೇ ಚೆಂದವಿರಲಿ, ಸಾಗಣೆಯ ಖರ್ಚು ಅದರ ಬೆಲೆಯನ್ನೇ ಮೀರಿದರೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಮೊದಲು ನೋಡುವುದು ಪೆಟ್ಟಿಗೆಯ ಅಳತೆ.

ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅದು ವಾಲ್ಯೂಮೆಟ್ರಿಕ್ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 30, 25, 20ರ ಪೆಟ್ಟಿಗೆಯೊಳಗೆ ಒಂದು ಕೆಜಿ ಬೊಂಬೆಯಿದ್ದರೂ 3 ಕೆಜಿಯ ಬಿಲ್ಲು. ಅದೇ ಬೊಂಬೆಗಳನ್ನು 30, 20, 12ರ ಪೆಟ್ಟಿಗೆಯಲ್ಲಿ ಕೂರಿಸಿದರೆ 1.44 ಕೆಜಿ. ಅದಕ್ಕೇ ಕಡ್ಡಿಗೆ ಬಳೆ ಪೋಣಿಸುವ ಗೋಪುರದ ಆಟಿಕೆಯನ್ನು ಬಿಚ್ಚಿ ಬಳೆಗಳನ್ನು ಬಿಡಿಬಿಡಿಯಾಗಿ ಇಡುತ್ತೇನೆ, ರೈಲಿನ ಡಬ್ಬಿಗಳನ್ನು ಕಳಚಿ ಮಲಗಿಸುತ್ತೇನೆ. ಬೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ ಅಳೆದ ಮೇಲೆಯೇ ಪೆಟ್ಟಿಗೆ ಕೊಳ್ಳಲು ಹೊರಡುವುದು. ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಸುತ್ತಿನ ಅಂಗಡಿಗಳಲ್ಲಿ "ಮೀಡಿಯಂ ಸೈಜ್ ಕೊಡ್ಲಾ ಮೇಡಂ?" ಅಂತಾರೆ. ನಾನು ಅಳತೆ ಬರೆದ ಚೀಟಿ ಮುಂದಿಟ್ಟು, "ಇದೇ ಸೈಜ್ ಬೇಕಣ್ಣ, ಐದು ಪ್ಲೈದು" ಅಂತೀನಿ. ಪ್ಲೈ ಅಂದರೆ ರಟ್ಟಿನ ಪದರ. ಮೂರು ಪ್ಲೈ ಊರೊಳಗಿನ ಡೆಲಿವರಿಗೆ ಸಾಕು, ಹಡಗು, ವಿಮಾನ ಹತ್ತಿ ಹತ್ತಾರು ಕೈ ದಾಟುವ ಪಾರ್ಸೆಲ್‌ಗೆ ಸಾಲದು.

ಈ ಬೊಂಬೆಗಳ ಬಣ್ಣ ಅರಗಿನದು. ಲೇತಿನಲ್ಲಿ ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಬಿಸಿಗೆ ಮೆತ್ತಗಾಗುವ ಈ ಗುಣ ಬಿಸಿಲಲ್ಲಿ ನಿಂತ ಲಾರಿಯೊಳಗೂ ಇರುತ್ತದಲ್ಲ! ಆದ್ದರಿಂದ ಬಬಲ್ ರ‍್ಯಾಪನ್ನು ಬಣ್ಣಕ್ಕೆ ನೇರವಾಗಿ ತಾಗಿಸದೆ ಮೊದಲು ಬಟರ್ ಪೇಪರ್ ಸುತ್ತುತ್ತೇನೆ. ಸಂದುಗಳಿಗೆ ಅಚ್ಚಿಲ್ಲದ ಖಾಲಿ ಕಾಗದವನ್ನು ಮುದುಡಿ ತುಂಬುತ್ತೇನೆ, ಹಳೇ ಪತ್ರಿಕೆಯ ಮಸಿ ತಿಳಿ ಬಣ್ಣಕ್ಕೆ ಅಂಟುತ್ತದೆ. ಮುಚ್ಚಿ ಅಲುಗಾಡಿಸಿದಾಗ ಒಳಗೆ ಸದ್ದು ಬರಬಾರದು. ಬಂದರೆ ಮತ್ತೆ ಬಿಚ್ಚಿ ತುಂಬುವುದೇ. ಟೇಪನ್ನು ನಡುವಿನ ಸೀಳಿಗಷ್ಟೇ ಅಲ್ಲ, ಎರಡೂ ಅಂಚುಗಳಿಗೂ ಎಳೆಯಬೇಕು.

ಕಾಗದಪತ್ರದ ಕೆಲಸ ಕೇಳಿದಷ್ಟು ಭಯದ್ದಲ್ಲ. ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿಯ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿದರೆ ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಕೊಡುವ ಸಂಖ್ಯೆ, ಸಿಗುತ್ತದೆ. ಅದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ದೃಢೀಕರಿಸಬೇಕು. ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಹಾಕಿಡಬೇಕು, ಅದೂ ಪ್ರತಿ ಹಣಕಾಸು ವರ್ಷಕ್ಕೆ ಹೊಸದು. 2022ರಲ್ಲಿ ಶುರುವಾದ ಅಂಚೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ (ಅಂಚೆ ಕಚೇರಿಯ ರಫ್ತು ಕೇಂದ್ರ) ವ್ಯವಸ್ಥೆಯಿಂದ, ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರವಾದ ರಫ್ತಿನ ಬಿಲ್ಲನ್ನು ಮನೆಯಲ್ಲೇ ಕೂತು ತುಂಬಬಹುದು. ಸಣ್ಣ ಪೊಟ್ಟಣಗಳಿಗೆ ನನಗೆ ಅಂಚೆಯೇ ಇಷ್ಟ. ಟ್ರ್ಯಾಕ್ ಮಾಡಬಹುದಾದ ಅಂತರರಾಷ್ಟ್ರೀಯ ಪ್ಯಾಕೆಟ್‌ನಲ್ಲಿ ಕಳಿಸಬಹುದು.

ಕಸ್ಟಮ್ಸ್ ಚೀಟಿಯಲ್ಲಿ "ಗಿಫ್ಟ್" ಅಂತ ಬರೆದುಬಿಡಿ ಎಂದು ಸಲಹೆ ಕೊಡುವವರು ತುಂಬಾ ಜನ. ದಯವಿಟ್ಟು ಬರೆಯಬೇಡಿ. ಮಾರಿದ್ದು ಮಾರಿದ್ದೇ. "ಮರದ ಆಟಿಕೆ, ಬಣ್ಣ ಹಚ್ಚಿದ್ದು" ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬಿಡಿಸಿ ಬರೆದು, ಆಟಿಕೆಗಳ ಸರಕು ಸಂಕೇತವಾದ ಎಚ್‌ಎಸ್‌ಎನ್ 9503 ಹಾಕಿ, ಇನ್‌ವಾಯ್ಸ್‌ನಲ್ಲಿರುವ ಬೆಲೆಯನ್ನೇ ಹಾಕುತ್ತೇನೆ.

ಅಮೆರಿಕದ ಲೆಕ್ಕ ಈಗ ಬೇರೆ. 800 ಡಾಲರ್‌ವರೆಗಿನ ಪೊಟ್ಟಣಕ್ಕಿದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ನಮ್ಮ ಅಂಚೆ ಅಲ್ಲಿಗೆ ಪೊಟ್ಟಣ ಕಳಿಸುವುದನ್ನೇ ನಿಲ್ಲಿಸಿ, ಅಕ್ಟೋಬರ್ 15ರಿಂದ ಬುಕಿಂಗ್ ಸಮಯದಲ್ಲೇ ಸುಂಕ ಕಟ್ಟಿಸಿಕೊಂಡು ಮತ್ತೆ ಶುರುಮಾಡಿತು. ನನಗೆ ಈ ಏರ್ಪಾಡೇ ಒಳ್ಳೆಯದೆನಿಸುತ್ತದೆ, ಪೊಟ್ಟಣ ಬಾಗಿಲಿಗೆ ಬಂದ ಮೇಲೆ ಕೊಂಡವರು ಅನಿರೀಕ್ಷಿತವಾಗಿ ದುಡ್ಡು ತೆರುವ ಹಾಗಾಗಬಾರದು. ಸುಂಕವನ್ನು ಬೆಲೆಯೊಳಗೇ ಸೇರಿಸಿ ಮೊದಲೇ ಹೇಳಿಬಿಡುತ್ತೇನೆ.

ಆಸ್ಟ್ರೇಲಿಯಾಕ್ಕೆ ಕಳಿಸುವಾಗ ಇನ್ನೊಂದು ಎಚ್ಚರ: ಹುಲ್ಲನ್ನು ಪ್ಯಾಕಿಂಗ್‌ಗೆ ಬಳಸುವಂತೆಯೇ ಇಲ್ಲ. ಮರದ ಮೇಲೆ ತೊಗಟೆಯ ಚೂರು, ಹುಳು ಕೊರೆದ ತೂತು ಕಂಡರೂ ಅಲ್ಲಿ ತಡೆಯುತ್ತಾರೆ. ಅಲ್ಲಿಗೆ ಹೋಗುವ ಪ್ರತಿ ಬೊಂಬೆಯ ಅಡಿಭಾಗವನ್ನೂ, ಗಾಲಿಯ ತೂತುಗಳನ್ನೂ ಬೆಳಕಿಗೆ ಹಿಡಿದು ನೋಡಿ, ಫೋಟೋ ತೆಗೆದ ಮೇಲೆಯೇ ಸುತ್ತಲು ಶುರುಮಾಡುವುದು.