ಪ್ರೊವ್ಯಾಂಗೆ ಇಪ್ಪತ್ತು ಜನರನ್ನು ಕರೆದುಕೊಂಡು ಹೋದದ್ದು

ಪ್ಯಾರಿಸ್ಸಿನ ನಾವು ಕೆಲವು ಕನ್ನಡ ಕುಟುಂಬಗಳು ಬೇಸಿಗೆಯಲ್ಲಿ ಒಂದು ದಿನ ಎಲ್ಲಾದರೂ ಹೋಗಿ ಬರುವುದುಂಟು. ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ, ಸ್ಟ್ರೋಲರಿನಲ್ಲಿ ಕೂರುವ ಮಕ್ಕಳು, ಎಲ್ಲ ಸೇರಿದರೆ ಇಪ್ಪತ್ತು ದಾಟುತ್ತದೆ. ಕಳೆದ ಸಲ ಏರ್ಪಾಡು ನನ್ನ ಪಾಲಿಗೆ ಬಂತು. ನಾನು ಆರಿಸಿದ್ದು ಕೋಟೆಗೋಡೆಯ ಹಳೆಯ ಊರು ಪ್ರೊವ್ಯಾಂ. ದಕ್ಷಿಣದ ಪ್ರೊವಾನ್ಸ್ ಅಲ್ಲ ಎಂದು ವಾಟ್ಸಾಪಿನಲ್ಲಿ ಎಷ್ಟು ಹೇಳಿದರೂ ಕೆಲವರು ಲ್ಯಾವೆಂಡರ್ ಹೊಲ ನೋಡುವ ಆಸೆಯಲ್ಲೇ ಹೊರಟಿದ್ದರು.

ಆರಿಸಲು ಮೊದಲ ಕಾರಣ ಖರ್ಚು. ಗಾರ್ ದ ಲೆಸ್ಟ್ ನಿಲ್ದಾಣದಿಂದ ಪಿ ಲೈನ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ, ಆದರೂ ಊರು ಪ್ಯಾರಿಸ್ ಸುತ್ತಲಿನ ಇಲ್-ದ-ಫ್ರಾನ್ಸ್ ಪ್ರಾಂತ್ಯದೊಳಗೇ ಇದೆ. 2025ರ ಜನವರಿಯಲ್ಲಿ ಪ್ರಾಂತ್ಯಕ್ಕೆಲ್ಲ 2.50 ಯುರೋಗಳ ಒಂದೇ ಟಿಕೆಟ್ ದರ ಬಂದ ಮೇಲೆ ಇಷ್ಟು ಅಗ್ಗವಾಗಿ ಇಷ್ಟು ದೂರ ಹೋಗುವುದು ಸಾಧ್ಯವಾಯಿತು. ಇಲ್ಲಿನ ರೈಲು-ಬಸ್ಸುಗಳ ನವಿಗೋ ಪಾಸ್ ಇದ್ದವರಿಗೆ ಅದೂ ಬೇಡ. ಹಿರಿಯರಿಗೆ ಮಾತ್ರ ತಲಾ ಒಂದು, ಬಿಡಿ ಟಿಕೆಟ್ ತುಂಬಿಸುವ ನವಿಗೋ ಈಸಿ ಕಾರ್ಡ್ ಹಿಂದಿನ ದಿನವೇ ಮಾಡಿಸಿಟ್ಟೆ. ಒಂದೇ ಕಾರ್ಡಿನಲ್ಲಿ ಇಬ್ಬರು ಜೊತೆಯಾಗಿ ಹೋಗುವಂತಿಲ್ಲ, ರೈಲು ಹೊರಡುವ ಹೊತ್ತಿಗೆ ಮಷೀನಿನ ಮುಂದೆ ಸಾಲು ನಿಂತರೆ ಕೆಟ್ಟಂತೆಯೇ. ಪಿ ಲೈನಿನ ರೈಲುಗಳು ಮೋ, ಶಾತೋ-ತಿಯೆರಿ ಕಡೆಗೂ ಹೋಗುತ್ತವೆ, ಬೋರ್ಡಿನಲ್ಲಿ ಊರ ಹೆಸರು ನೋಡಿಯೇ ಹತ್ತಬೇಕು.

ಯೋಜನೆಯನ್ನು ನಾನು ಶುರು ಮಾಡಿದ್ದು ನಮ್ಮತ್ತೆಯ ಮಂಡಿಯಿಂದ. ನಿಲ್ದಾಣ ಇರುವುದು ಕೆಳಪೇಟೆಯಲ್ಲಿ, ಕೋಟೆಗೋಡೆ, ಗೋಪುರ ಎಲ್ಲ ಮೇಲ್ಪೇಟೆಯಲ್ಲಿ. ನಡುವೆ ಇಪ್ಪತ್ತು-ಇಪ್ಪತ್ತೈದು ನಿಮಿಷದ ಏರು, ಮೇಲೆ ಹೋದಂತೆ ಕಲ್ಲುಹಾಸಿನ ರಸ್ತೆ. ಅವರ ಹೆಜ್ಜೆಗೆ ಅದು ನಲವತ್ತು ನಿಮಿಷ ಎಂದು ಲೆಕ್ಕ ಹಾಕಿದೆ. ಹನ್ನೆರಡನೇ ಶತಮಾನದ ಸೀಸರ್ ಗೋಪುರದ ಮೆಟ್ಟಿಲು ಇಕ್ಕಟ್ಟು, ಕಡಿದು. ಹಾಗಾಗಿ ಅದನ್ನು ಗುಂಪಿನ ಪಟ್ಟಿಯಿಂದಲೇ ತೆಗೆದೆ, ಹತ್ತುವವರು ಹತ್ತಿಬರಲಿ ಅಂತ. ಉಳಿದವರು ಪಕ್ಕದ ಸ್ಯಾಂ-ಕಿರಿಯಾಸ್ ಚರ್ಚಿನ ತಂಪಿನಲ್ಲಿ ಕೂತರು. ಅರ್ಧಕ್ಕೇ ನಿಂತುಹೋದ ಚರ್ಚು ಅದು.

ಗಂಟೆ ಗೊತ್ತು ಮಾಡಿದ್ದು ಮೂರು ಸಂಗತಿಗಳಿಗೆ ಮಾತ್ರ: ನೆಲದಡಿಯ ಸುರಂಗ, ಮಕ್ಕಳಿಗಾಗಿ ಹದ್ದು-ಗಿಡುಗಗಳ ಪ್ರದರ್ಶನ, ಮರಳುವ ರೈಲು. ಸುರಂಗಕ್ಕೆ ಗೈಡ್ ಇಲ್ಲದೆ ಬಿಡುವುದಿಲ್ಲ, ಗುಂಪಿದ್ದರೆ ಮೊದಲೇ ಕಾದಿರಿಸಬೇಕು. ಜುಲೈ ಬಿಸಿಲಲ್ಲೂ ಒಳಗೆ ಚಳಿ, ಸ್ವೆಟರ್ ತನ್ನಿ ಎಂದದ್ದಕ್ಕೆ ನಕ್ಕವರೆಲ್ಲ ಒಳಗೆ ಕೈಕಟ್ಟಿ ನಡೆದರು. ರೈಲಿನ ವಿಷಯದಲ್ಲಿ ಕೊನೆಯದನ್ನು ನಾನು ನಂಬುವುದಿಲ್ಲ, ಸಂಜೆ ಇನ್ನೊಂದೆರಡು ಬಾಕಿ ಇರುವಾಗಲೇ ಹೊರಡಬೇಕು.

ಇತಿಹಾಸದ ಪಾಠ ಮಾಡಲು ಹೋಗಲಿಲ್ಲ. ಆದರೆ ಹದಿಮೂರನೇ ಶತಮಾನದ ಗ್ರಾಂಜ್ ಓ ದೀಮ್ ಎಂಬ ಕಲ್ಲಿನ ಉಗ್ರಾಣದೊಳಗೆ ಮಾವ ಕುತೂಹಲದಿಂದ ಕೇಳತೊಡಗಿದರು. ಶಾಂಪೇನ್ ಸೀಮೆಯ ದೊರೆಗಳ ಕಾಲದ ದೊಡ್ಡ ಜಾತ್ರೆಗಳು ಇಲ್ಲಿ ನಡೆಯುತ್ತಿದ್ದವು. ಫ್ಲಾಂಡರ್ಸ್‌ನವರು ಬಟ್ಟೆ ತಂದರೆ ಇಟಲಿಯ ವರ್ತಕರು ಸಂಬಾರ ಪದಾರ್ಥ ತರುತ್ತಿದ್ದರು. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಈ ಊರು ಸೇರಿದ್ದೂ ಆ ಜಾತ್ರೆಗಳ ಹೆಸರಿನಲ್ಲೇ. ಮೆಣಸು ಹೊರಟದ್ದು ನಮ್ಮ ಪಡುವಣ ಕರಾವಳಿಯಿಂದಲೇ ಅಂದೆ. ಶಿರಸಿ ಕಡೆ ಮೆಣಸು ಬೆಳೆದ ಮಾವ, “ಇಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟು ದಲ್ಲಾಳಿ ತಿಂದರೋ!” ಎಂದರು.

ಊಟಕ್ಕೆ ಹೋಟೆಲ್ ನೆಚ್ಚಿಕೊಳ್ಳಲಿಲ್ಲ. ಮಧ್ಯಾಹ್ನ ಎರಡಾದರೆ ಬಹಳ ಕಡೆ ಅಡುಗೆಮನೆ ಮುಚ್ಚುತ್ತದೆ, ಇಪ್ಪತ್ತು ಜನ ಏಕಾಏಕಿ ನುಗ್ಗಿದರೆ ಮೇಜೂ ಸಿಗದು. ಮನೆಮನೆಗೆ ಒಂದೊಂದು ಹಂಚಿದೆ: ಒಬ್ಬರು ಪುಳಿಯೋಗರೆ, ಒಬ್ಬರು ಚಪಾತಿ-ಪಲ್ಯ, ಮೊಸರನ್ನ ನಮ್ಮದು. ಕೋಟೆಗೋಡೆಯ ಹೊರಗಿನ ಹುಲ್ಲಿನ ಮೇಲೆ ಹಾಸಿ ಕೂತೆವು. ಇಲ್ಲಿನ ತೆಳು ದೋಸೆಯಂಥ ಕ್ರೆಪ್ ಬೇಕೆಂದ ಯುವಕರಿಗೆ ಒಂದು ಮಾತು ಹೇಳಿ ಕಳಿಸಿದೆ: ‘ಕೊಂಪ್ಲೆತ್’ ಅಂದರೆ ಹಂದಿಮಾಂಸ, ಮೊಟ್ಟೆ ಎರಡೂ ಇರುತ್ತದೆ, ಚೀಸ್ ಮಾತ್ರ ಹಾಕಿಸಿ. ಅತ್ತೆಗೆ ಊರಿಗೆ ಒಯ್ಯಲು ಗುಲಾಬಿ ಜಾಮ್ ಸಿಕ್ಕಿತು. ಅದು ಇಲ್ಲಿನ ಹೆಸರಾದ ತಿನಿಸು, ಗುಲ್ಕಂದಿಗಿಂತ ಸಿಹಿ ಕಡಿಮೆ ಎಂಬುದು ಅವರ ತೀರ್ಪು.

ಹೋಗುವವರು ಜೂನ್ ತಿಂಗಳ ಮಧ್ಯಯುಗದ ಉತ್ಸವದ ವಾರಾಂತ್ಯವನ್ನು ಬಿಡಿ. ವೇಷಭೂಷಣ ಚೆಂದ, ನಿಜ, ಆದರೆ ಆ ಜನಜಂಗುಳಿಯಲ್ಲಿ ಸ್ಟ್ರೋಲರ್ ತಳ್ಳುವುದು ನಮ್ಮಂಥ ಗುಂಪಿಗೆ ಆಗದ ಕೆಲಸ.